ಮಾನವಶಾಸ್ತ್ರವೂ ಜನಾರೋಗ್ಯವೂ

ಮಹೋತ್ಸವದ ಎರಡನೆಯ ದಿನ ಸಂಜೆಯ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ

 

ಈ ಮಠದ ವಿದ್ಯಾರ್ಥಿನಿಲಯದಲ್ಲಿ ಆರು ವರ್ಷ ಅನ್ನವುಂಡು ಓದಿದವನು ನಾನು. ಆದಕಾರಣ ಮಹೋತ್ಸವದ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ ಒಲ್ಲೆನೆನ್ನುವ ಅಧಿಕಾರ ನನಗಿರಲಿಲ್ಲ. ವಿಷಯದ ಆಯ್ಕೆಯನ್ನು ಶ್ರೀಗಳವರು ನನಗೇ ಬಿಟ್ಟರು. ಸಂಪ್ರದಾಯದಂತೆ ಶಾಸ್ತ್ರವಿಚಾರವನ್ನೋ ವಚನವಿಚಾರವನ್ನೋ ಹೇಳುವ ವಿದ್ವಾಂಸರು ಈ ವೇದಿಕೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಊರೂರಿನ ದವಾಖಾನೆಗಳಲ್ಲಿ ಇಪ್ಪತ್ತು ವರ್ಷ ವೈದ್ಯನಾಗಿದ್ದು, ಅನಂತರ ವೈದ್ಯವಿದ್ಯಾರ್ಥಿಗಳಿಗೆ ಪಾಠಹೇಳಿದ ನಾನು ನನಗೆ ತಿಳಿದುದನ್ನೇ ಹೇಳುವುದು ಲೇಸು. ವಿಶ್ವವಿದ್ಯಾನಿಲಯಗಳಲ್ಲಿ ಮಾನವಶಾಸ್ತ್ರ, ಸಂಸ್ಕೃತಿ, ಜನಾರೋಗ್ಯ ಎಂಬ ಮೂರನ್ನೂ ಒಂದೇ ವ್ಯಾಸಂಗದೊಳಗೆ ಕೂಡಿಸಿ ಕಲಿಸುವ ಪದ್ಧತಿಯೊಂದುಂಟು. ಅದು ಏನು, ಏತಕ್ಕೆ, ನಮ್ಮ ಹುಡುಗರು ಅದನ್ನು ಓದಬೇಕೆಂದು ನಾನು ಹಟಹಿಡಿಯುವುದೇಕೆ ಎಂಬುದೇ ಈ ಹೊತ್ತಿನ ಪ್ರಸಂಗ. ಹೀಗೆ ಹಟಹಿಡಿಯುವುದರಲ್ಲಿ ನನ್ನದೊಂದು ಹಳೆಯ ತಪ್ಪಿನ ಋಣವೂ ಸೇರಿದೆ. ಅದನ್ನು ಸಮಯ ಬಂದಾಗ ಬಿನ್ನವಿಸುತ್ತೇನೆ.

ಮಾನವಶಾಸ್ತ್ರವೆಂದೊಡನೆ ಕಾಡುಜನರ ತಲೆಯ ಸುತ್ತಳತೆ ತೆಗೆಯುವ ಶಾಸ್ತ್ರವೆಂದು ತಿಳಿದವರು ಈಗಲೂ ಉಂಟು. ಆ ತಿಳಿವಳಿಕೆಗೆ ಆಧಾರವಿಲ್ಲದೆ ಇಲ್ಲ. ೧೯೦೧ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲಿ ಎಂಬಾತ ಮೂಗಿನ ಉದ್ದಗಲಗಳನ್ನಳೆದು ಜಾತಿಗಳಿಗೆ ಮೇಲುಕೀಳು ಕಟ್ಟಲು ಹೊರಟಿದ್ದನು. ಈ ಕಳಂಕವನ್ನು ಮುಚ್ಚಿಡಬೇಕಾದುದಿಲ್ಲ. ಒಳ್ಳೆಯ ಅಧ್ಯಾಪಕರು ಮೊದಲ ಪಾಠದಲ್ಲಿಯೇ ಇದನ್ನು ಹೇಳಿಬಿಡುತ್ತಾರೆ. ಆದರೆ ಅದೇ ೧೯೦೧-೦೨ರಲ್ಲಿ ಇನ್ನೊಬ್ಬ ಆಂಗ್ಲೇಯನು ನಮ್ಮ ಮಗ್ಗುಲಿನ ನೀಲಗಿರಿಗೆ ಬಂದು ತೋಡರ ಮಂದುಗಳಲ್ಲಿ ತಿಂಗಳುಗಟ್ಟಲೆ ಕಳೆದನು. ಆತನ ಹೆಸರು ರಿವರ್ಸ್, ವೃತ್ತಿಯಿಂದ ವೈದ್ಯನು. ಎಮ್ಮೆಯ ಹಾಲನ್ನು ಸುತ್ತಿಕೊಂಡ ತೋಡರ ಆಚಾರಗಳನ್ನೂ, ಅವರ ನಂಟುಗಳನ್ನೂ ಆತನು ಮನೆಮನೆಯಾಗಿ ವಿಚಾರಿಸಿ ಬರೆದುಕೊಂಡನು. ೧೯೦೬ರಲ್ಲಿ ಗ್ರಂಥವು ಅಚ್ಚಾಯಿತು. ಆತನು ಲಂಡನ್ನಿನ ವೈದ್ಯರ ಮಹಾವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸಗಳು ಆತನ ಮರಣಾನಂತರ ೧೯೨೪ರಲ್ಲಿ ಪುಸ್ತಕವಾಗಿ ಬಂದುವು. ಅವುಗಳ ತಾತ್ಪರ್ಯ ಇಷ್ಟೆ: ಯಾವ ಜನರ ಚಿಕಿತ್ಸೆಯೂ ಹುಚ್ಚುಹುಚ್ಚಾದ ಅಡ್ಡಾದಿಡ್ಡಿ ಕೆಲಸವಲ್ಲ. ರೋಗಕ್ಕೆ ಕಾರಣ ಇಂಥದು ಎಂದು ಅವರು ನಂಬಿರುತ್ತಾರೆ. ಆ ಕಾರಣವನ್ನು ಒಪ್ಪಿಕೊಂಡರೆ ಅವರು ಮಾಡುವ ಉಪಾಯವು ಯುಕ್ತಿಗೆ ಸರಿಯಾಗಿಯೇ ಇರುತ್ತದೆ. ಆದುದರಿಂದ ಮೊದಲು ಕಾರಣವನ್ನು ಕೇಳು. ಉಪಾಯವನ್ನು ನೋಡಿ ನಗಬೇಡ. ಇಂದು ವಿಶ್ವವಿದ್ಯಾನಿಲಯಗಳಲ್ಲಿ ಹೇಳುವ ಪಾಠದ ಬೀಜವು ಇಲ್ಲಿಯೇ ಇದೆ.

ನಮ್ಮ ದೇಶದಲ್ಲಿ ಮಾನವಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವು ಮೊದಲು ಏರ್ಪಟ್ಟುದು ೧೯೨೦ರಲ್ಲಿ, ಕಲಕತ್ತಾ ವಿಶ್ವವಿದ್ಯಾನಿಲಯದಲ್ಲಿ. ಜನಾರೋಗ್ಯವನ್ನು ಕಲಿಸುವ ಅಖಿಲ ಭಾರತ ಸಂಸ್ಥೆಯೂ ೧೯೩೨ರಲ್ಲಿ ಅದೇ ಊರಿನಲ್ಲಿಯೇ ಹುಟ್ಟಿತು. ಇವೆರಡನ್ನೂ ಒಂದೇ ವಿದ್ಯಾರ್ಥಿಯು ಒಟ್ಟಿಗೆ ಕಲಿಯಬೇಕೆಂಬ ಆಲೋಚನೆಯು ಬಲಗೊಂಡುದು ಎರಡನೆಯ ಮಹಾಯುದ್ಧ ಮುಗಿದಮೇಲೆ. ಹಾರ್ವರ್ಡಿನ ಜನಾರೋಗ್ಯ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಬೆಂಜಮಿನ್ ಪಾಲ್ ಎಂಬವರು ೧೯೫೫ರಲ್ಲಿ ಹದಿನಾರು ಊರುನಾಡುಗಳ ವೃತ್ತಾಂತಗಳನ್ನು ಒಂದು ಗ್ರಂಥದಲ್ಲಿ ಸೇರಿಸಿದರು. ಅವುಗಳಲ್ಲಿ ನಮ್ಮ ರಾಜಸ್ಥಾನದ ಹಳ್ಳಿಗಳ ವಿಷಯವೂ ಉತ್ತರ ಹಿಂದೂಸ್ಥಾನದ ಒಂದು ಹಳ್ಳಿಯ ವಿಷಯವೂ ಉಂಟು. ಆರೋಗ್ಯದ ಹೆಸರಿನಲ್ಲಿ ಹೊರಗಿನವರು ಊರೊಳಗೆ ಹೊಕ್ಕಾಗ ಊರವರು ಅದನ್ನು ಹೇಗೆ ಬರಮಾಡಿಕೊಂಡರು, ಹೇಗೆ ಹಿಂದಕ್ಕೆ ಕಳುಹಿಸಿದರು ಎಂಬುದೇ ಎಲ್ಲದರ ವಸ್ತು. ಗೆದ್ದ ಕಥೆಗಳಿಗಿಂತ ಸೋತ ಕಥೆಗಳನ್ನೇ ವಿದ್ಯಾರ್ಥಿಗಳು ಹೆಚ್ಚಾಗಿ ಓದಬೇಕೆಂಬುದು ನನ್ನ ಅಭಿಪ್ರಾಯ. ಅಂಥದೊಂದನ್ನು ಹೇಳುತ್ತೇನೆ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಇಕಾ ಎಂಬ ಕಣಿವೆ. ಅಲ್ಲಿ ಲೋಸ್ ಮೊಲಿನೋಸ್ ಎಂಬ ಇನ್ನೂರು ಮನೆಗಳ ಊರು. ಕಾಲುವೆಯ ನೀರು ಕೊಳಕು, ಹೊಟ್ಟೆಬೇನೆ ಜ್ವರಗಳು ಹೇರಳ. ನೀರನ್ನು ಕುದಿಸಿ ಕುಡಿಯಬೇಕೆಂದು ಬೋಧಿಸುವುದಕ್ಕಾಗಿ ಆರೋಗ್ಯಶಾಖೆಯ ಕೆಲಸಗಿತ್ತಿಯೊಬ್ಬಳು ಎರಡು ವರ್ಷ ಮನೆಮನೆಗೆ ತಿರುಗಿದಳು. ಕೆಲಸದಲ್ಲಿ ಸೋಮಾರಿಯಲ್ಲ, ಮಾತಿನಲ್ಲಿ ಒರಟೂ ಅಲ್ಲ. ವೈದ್ಯರೂ ಬಂದು ಭಾಷಣಮಾಡಿದರು. ಎರಡು ವರ್ಷದ ಕೊನೆಗೆ ಹೊಸದಾಗಿ ನೀರು ಕುದಿಸಲು ತೊಡಗಿದವರು ಹನ್ನೊಂದು ಮಂದಿ ಗೃಹಿಣಿಯರು ಮಾತ್ರ. ವೆಲ್ಲಿನ್ ಎಂಬ ಮಾನವಶಾಸ್ತ್ರಜ್ಞರು ಇದರ ಕಾರಣವನ್ನು ವಿಚಾರಿಸಿದರು. ಆ ಜನರಲ್ಲಿ ತಿನ್ನುವ ಕುಡಿಯುವ ಪದಾರ್ಥಗಳೆಲ್ಲ ಉಷ್ಣ, ಶೀತ ಎಂದು ಎರಡು ಬಗೆಯಾಗಿವೆ. ಮುಟ್ಟಿದರೆ ಸುಡುವುದು ತಣ್ಣಗಿರುವುದು ಎಂಬ ಅರ್ಥದಲ್ಲಲ್ಲ. ಅದು ಪದಾರ್ಥದ ಗುಣ. ಹಸಿಯ ನೀರಿನದು ಶೀತಗುಣ. ಕುದಿಸಿದರೆ ಆ ಗುಣವು ಕಳೆಯುತ್ತದೆ. ಕಾಯಿಲೆಯವನಿಗೆ ಶೀತ ಸಲ್ಲದು. ಆದುದರಿಂದ ಕುದಿಸಿದ ನೀರು ಕಾಯಿಲೆಯವನ ನೀರು. ಗಟ್ಟಿಮುಟ್ಟಾದವನು ಅದನ್ನು ಕುಡಿದರೆ ತಾನು ರೋಗಿಯೆಂದು ತಾನೇ ಸಾರಿದಂತೆ.

ಈ ಮಾತನ್ನು ಪಾಠದಲ್ಲಿ ಹೇಳಿದಾಗ ದೂರದ ದೇಶಗಳ ವಿದ್ಯಾರ್ಥಿಗಳು ಬೆರಗಾಗುತ್ತಾರಂತೆ. ಇಲ್ಲಿ ಕುಳಿತ ತಾಯಂದಿರಿಗೆ ಬೆರಗಾಗಬೇಕಾದುದೇನಿದೆ? ಪರಂಗಿಹಣ್ಣು ಉಷ್ಣ, ಸೀಬೆಹಣ್ಣು ಶೀತ, ಎಳನೀರು ತಂಪು ಎಂಬುದನ್ನು ನಮ್ಮ ಮನೆಯ ಐದು ವರ್ಷದ ಮಗುವೂ ಬಲ್ಲದು. ಸರಕಾರದ ಗುಳಿಗೆ ಉಷ್ಣವಾಯಿತೆಂದು ಬಸುರಿಯರು ಅದನ್ನು ಮೂಲೆಗೆಸೆದಿದ್ದನ್ನು ನಾನೇ ಬೇಕಾದಷ್ಟು ಕಡೆ ಕಂಡಿದ್ದೇನೆ. ಈ ವಿಷಯದಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿದ್ದುಕೊಂಡು ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಪಂಡಿತರು ಬರೆದುದನ್ನು ಇಂದು ಅನೇಕ ದೇಶಗಳಲ್ಲಿ ಓದುತ್ತಾರೆ. ನಮ್ಮ ಅಜ್ಜಿಯರ ಅಡುಗೆಮನೆಯ ಮಾತು ಹೀಗೆ ಪರದೇಶದ ಪಠ್ಯವಾಯಿತು. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಓದಿದ ನನ್ನಂಥವರು ಮಾತ್ರ ಅದನ್ನು ಅಡುಗೆಮನೆಯಲ್ಲಿಯೇ ಬಿಟ್ಟು ಬಂದಿದ್ದೆವು.

ಈಗ ನನ್ನ ತಪ್ಪಿನ ವಿಷಯ. ೧೯೬೧ರಲ್ಲಿ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ನನ್ನ ಸೋದರತ್ತೆಯೊಬ್ಬಳು ಕ್ಷಯದಿಂದ ತೀರಿಕೊಂಡಳು. ಆಗ ನನಗೆ ಒಂಬತ್ತು ವರ್ಷ. ಹೊತ್ತ ಹರಕೆಯನ್ನು ತೀರಿಸಲಿಲ್ಲ, ಅದರಿಂದ ಹೀಗಾಯಿತು ಎಂದು ಮನೆಯ ಹಿರಿಯರು ಹೇಳುತ್ತಿದ್ದರು. ನಾನು ವೈದ್ಯನಾದೆನು, ಮುಂದೆ ಪಾಠಹೇಳುವವನೂ ಆದೆನು. ಜನರ ಅಜ್ಞಾನದಿಂದ ಎಷ್ಟು ಪ್ರಾಣಹಾನಿಯಾಗುತ್ತದೆ ಎಂಬುದಕ್ಕೆ ನಿದರ್ಶನವಾಗಿ ನಮ್ಮತ್ತೆಯ ಕಥೆಯನ್ನು ಹೇಳುತ್ತಿದ್ದೆನು. ಹರಕೆಯನ್ನು ನಂಬಿ ದವಾಖಾನೆಗೆ ಹೋಗದೆ ಸತ್ತಳು ಎನ್ನುತ್ತಿದ್ದೆನು. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಹಲವು ವರ್ಷ ಹೀಗೆ ನಡೆಯಿತು.

ಒಮ್ಮೆ ಬೇರೊಂದು ಕೆಲಸದ ನಿಮಿತ್ತ ಹಳೆಯ ಲೇಖನಗಳನ್ನು ತಿರುವುತ್ತಿದ್ದಾಗ ನಮ್ಮ ಜಿಲ್ಲೆಯ ಹೆಸರು ಕಣ್ಣಿಗೆ ಬಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾದುದು ೧೯೫೯ರಲ್ಲಿ. ಅಲ್ಲಿ ಡಿ. ಬ್ಯಾನರ್ಜಿ ಎಂಬವರು, ವೈದ್ಯರಾಗಿದ್ದೂ ಮಾನವಶಾಸ್ತ್ರವನ್ನು ಅಭ್ಯಾಸಮಾಡಿದವರು, ಸ್ಟಿಗ್ ಆಂಡರ್ಸನ್ ಎಂಬ ಇನ್ನೊಬ್ಬ ವೈದ್ಯರೊಡಗೂಡಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ವಿಚಾರಣೆಯನ್ನು ನಡೆಸಿದರು. ೧೯೬೩ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳ್ಳಿಗಳ ಪರೀಕ್ಷೆಯಲ್ಲಿ ಕ್ಷಯವುಂಟೆಂದು ಗೊತ್ತಾದವರ ಮನೆಗೇ ಹೋಗಿ, ನಿಮಗೆ ಏನಾಗಿದೆ, ಅದಕ್ಕೆ ಏನು ಮಾಡಿದಿರಿ ಎಂದು ಅವರು ಕೇಳಿಸಿದರು. ನೋಡಿರಿ, ಎಷ್ಟು ಸರಳವಾದ ಪ್ರಶ್ನೆ! ಅಲ್ಲಿಯವರೆಗೆ ವಿದ್ವಾಂಸರ ನಿಶ್ಚಯವೇನಿತ್ತು? ಹಳ್ಳಿಯವನಿಗೆ ತನ್ನ ರೋಗದ ಪರಿವೆಯೇ ಇಲ್ಲ. ಗಾಡಿಯೊಡನೆ ಯಂತ್ರವನ್ನು ಊರೂರಿಗೆ ಒಯ್ದು, ಹಿಡಿದು ಪರೀಕ್ಷಿಸಿದಲ್ಲದೆ ಗತಿಯಿಲ್ಲ ಎಂದಿತ್ತು. ದೊರೆತ ಉತ್ತರ ಬೇರೆಯಾಯಿತು. ನೂರರಲ್ಲಿ ಸುಮಾರು ೯೫ ಮಂದಿಗೆ ತಮ್ಮ ಮೈಯಲ್ಲಿಯ ಲಕ್ಷಣಗಳು ಚೆನ್ನಾಗಿ ತಿಳಿದಿದ್ದುವು. ಮುಕ್ಕಾಲು ಪಾಲಿನಷ್ಟು ಜನ ಅದಕ್ಕಾಗಿ ಚಿಂತೆಪಡುತ್ತಿದ್ದರು. ಅರ್ಧದಷ್ಟು ಮಂದಿ ಆಗಲೇ ಇಂಗ್ಲಿಷ್ ವೈದ್ಯದ ದವಾಖಾನೆಗಳಿಗೆ ಹೋಗಿ ಬಂದಿದ್ದರು. ಹೋದವರಿಗೆ ಅಲ್ಲಿ ದೊರೆತುದೇನು? ಕಫ ಪರೀಕ್ಷೆಯಲ್ಲ, ಕೆಮ್ಮಿನ ಔಷಧದ ಸೀಸೆ.

ಸೀಸೆಯೆಂಬ ಮಾತನ್ನು ಓದಿದಾಗ ನನ್ನ ಕೈ ನಿಂತಿತು. ನಮ್ಮ ಹಳೆಯ ಮನೆಯ ಒಳಕೋಣೆಯ ಗೂಡಿನಲ್ಲಿ ಮೂರು ಸೀಸೆಗಳಿದ್ದುವು. ಎಷ್ಟೆಷ್ಟು ಕುಡಿಯಬೇಕೆಂದು ತೋರಿಸುವ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅವುಗಳ ಮೇಲೆ ಅಂಟಿಸಿತ್ತು. ಹರಳೆಣ್ಣೆ ತುಂಬಿಡುವುದಕ್ಕೆ ಅವುಗಳನ್ನು ಬಳಸುತ್ತಿದ್ದರು. ಹುಡುಗನಾಗಿದ್ದಾಗಿನಿಂದ ನಾನು ನೋಡಿದ ಸೀಸೆಗಳು. ಎಲ್ಲಿಂದ ಬಂದುವೆಂದು ಒಂದು ದಿನವೂ ಕೇಳಿರಲಿಲ್ಲ. ಊರಿಗೆ ಹೋಗಿ ತಾಯಿಯವರನ್ನು ಕೇಳಿದೆನು. ಆಗ ಅವರಿಗೆ ಎಪ್ಪತ್ತು ದಾಟಿತ್ತು. "ನಿಮ್ಮತ್ತೆಯವೇ ಕಣಪ್ಪ, ಎರಡು ಹರಿದಾರಿ ನಡೆದುಕೊಂಡು ಹೋಗಿ ತಂದದ್ದು. ಮೂರು ಸಲ ಹೋದಳು. ಮೂರನೆಯ ಸಲ ಬರುವಾಗ ದಾರಿಯಲ್ಲಿ ಕೂತುಬಿಟ್ಟಳಂತೆ. ಅದೇ ಕೆಂಪು ನೀರು ಕೊಟ್ಟು ಕಳಿಸಿದರು. ಆಮೇಲೆ ಹರಕೆ ಹೊತ್ತಳು," ಎಂದರು.

ಮಹನೀಯರೆ, ಆಗ ಕ್ಷಯಕ್ಕೆ ಮದ್ದಿರಲಿಲ್ಲವೆಂದು ತಿಳಿಯಬೇಡಿರಿ. ರೋಗಿಗಳನ್ನು ಮನೆಯಲ್ಲಿಯೇ ಇರಿಸಿಕೊಂಡು ಗುಳಿಗೆಗಳನ್ನು ಕೊಟ್ಟರೆ, ಚಿಕಿತ್ಸಾಧಾಮದಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂಬುದನ್ನು ಮದರಾಸಿನ ಕೇಂದ್ರವು ೧೯೫೯ರಲ್ಲಿಯೇ ಲೋಕಕ್ಕೆ ತೋರಿಸಿಕೊಟ್ಟಿತ್ತು. ಮದ್ದಿತ್ತು, ಅದನ್ನು ಹುಡುಕಿಕೊಂಡು ನಡೆದುಬಂದ ರೋಗಿಯೂ ಇದ್ದಳು. ನಡುವೆ ಇದ್ದವರು ನಮ್ಮಂಥವರು. ಸತ್ತ ಹೆಂಗಸಿನ ಮೇಲೆ ಅಷ್ಟು ವರ್ಷ ನಾನು ಅಪವಾದವನ್ನು ಹೊರಿಸಿದೆನು. ತರಗತಿಯಲ್ಲಿ, ಸಂಬಳ ತೆಗೆದುಕೊಂಡು. ಆ ವಿಚಾರಣೆಯ ಫಲವಾಗಿಯೂ ಕ್ಷಯನಿವಾರಣೆಯ ಕಾರ್ಯವು ೧೯೬೨ರಿಂದ ಸಾಮಾನ್ಯ ದವಾಖಾನೆಗಳಿಗೆ ಸೇರಿತು: ಕೆಮ್ಮೆಂದು ಬಂದವನ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕೆಂದಾಯಿತು. ಬ್ಯಾನರ್ಜಿಯವರು ಮುಂದೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾನಿಲಯದಲ್ಲಿ ಸಮಾಜವೈದ್ಯದ ಕೇಂದ್ರವನ್ನು ಕಟ್ಟಿ ಬೆಳೆಸಿದರು.

ಸಂಸ್ಕೃತಿಯೆಂಬ ಮಾತನ್ನು ಈ ವ್ಯಾಸಂಗದಲ್ಲಿ ಎಚ್ಚರದಿಂದ ಬಳಸಬೇಕೆನ್ನುವುದು ಇದಕ್ಕಾಗಿಯೇ. ಬಡತನದಿಂದಲೋ ಅಧಿಕಾರಿಗಳ ಆಲಸ್ಯದಿಂದಲೋ ಆದ ಹಾನಿಯನ್ನು ಜನರ ನಂಬಿಕೆಯ ತಲೆಗೆ ಕಟ್ಟುವುದು ಬಹಳ ಸುಲಭ. ಪಾಲ್ ಫಾರ್ಮರ್ ಎಂಬ ವೈದ್ಯರು, ಮಾನವಶಾಸ್ತ್ರದಲ್ಲಿಯೂ ಪದವಿ ಪಡೆದವರು, ೨೦೨೨ರಲ್ಲಿ ರುವಾಂಡದಲ್ಲಿ ಕಾಲವಾದರು. ಇವರು ಹೈಟಿ ದೇಶದ ಬಡಹಳ್ಳಿಗಳಲ್ಲಿ ಕ್ಷಯರೋಗಿಗಳ ಎರಡು ತಂಡಗಳನ್ನು ಹೋಲಿಸಿ ನೋಡಿದರು. ಇಬ್ಬರಿಗೂ ಔಷಧವು ಧರ್ಮಾರ್ಥವೇ. ಒಂದು ತಂಡದವರಿಗೆ ಅದರೊಡನೆ ಆಹಾರವನ್ನೂ, ತಿಂಗಳಿಗಿಷ್ಟೆಂದು ಹಣವನ್ನೂ ಕೊಟ್ಟು, ಮನೆಗೆ ಹೋಗಿ ವಿಚಾರಿಸುವ ಏರ್ಪಾಡನ್ನೂ ಮಾಡಿದರು. ಆ ತಂಡದವರೆಲ್ಲ ಗುಣಹೊಂದಿದರು. ಮತ್ತೊಂದರಲ್ಲಿ ಸುಮಾರು ಅರ್ಧದಷ್ಟು ಮಂದಿ. ರೋಗವು ಮಾಟದಿಂದ ಬಂತೆಂದು ನಂಬಿದವರೂ ನಂಬದವರೂ ಎರಡು ಕಡೆಯೂ ಇದ್ದರು. ಆ ನಂಬಿಕೆಯಿಂದ ಗುಳಿಗೆ ನುಂಗುವುದರಲ್ಲಿ ಭೇದವೇನೂ ಕಾಣಲಿಲ್ಲ. ಮಾಟವೆಂದೂ ಹೇಳಿದರು, ಗುಳಿಗೆಯನ್ನೂ ನುಂಗಿದರು. ನಮ್ಮತ್ತೆಯೂ ಹಾಗೆಯೇ.

ಹಾಗಾದರೆ ಆಚಾರವು ರೋಗದ ವಿಷಯದಲ್ಲಿ ಏನೂ ಅಲ್ಲವೆ ಎಂದರೆ, ಅದೂ ಸರಿಯಲ್ಲ. ೨೦೧೩ರ ಡಿಸೆಂಬರಿನಲ್ಲಿ ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ಎಬೋಲಾ ಎಂಬ ಘೋರ ಜ್ವರವು ಹೊರಟು ಲೈಬೀರಿಯ ಸಿಯೆರ ಲಿಯೋನ್‌ಗಳಿಗೂ ಹಬ್ಬಿತು. ೨೮,೦೦೦ಕ್ಕೂ ಮಿಕ್ಕಿ ಜನರಿಗೆ ತಗುಲಿ ೧೧,೦೦೦ಕ್ಕೂ ಮೇಲ್ಪಟ್ಟು ಜನ ಸತ್ತರು. ಈ ರೋಗದಲ್ಲಿ ಸತ್ತವನ ದೇಹವೇ ಅತ್ಯಂತ ಅಪಾಯಕರವಾದುದು. ಆ ನಾಡಿನಲ್ಲಿಯೋ, ಸತ್ತವರ ಮೈತೊಳೆಯುವುದು ಬಂಧುಗಳ ಪರಮಧರ್ಮ. ಮೊದಮೊದಲು ಅಧಿಕಾರಿಗಳು ಮಾಡಿದುದೇನೆಂದರೆ, ಮೈತುಂಬ ಬಿಳಿಯ ಕವಚ ತೊಟ್ಟವರನ್ನು ಕಳುಹಿಸಿ, ಹೆಣವನ್ನು ಚೀಲದೊಳಗೆ ಹಾಕಿಸಿ, ಮುಖವನ್ನೂ ತೋರಿಸದೆ ಒಯ್ದು ಹೂಳಿಸಿದರು. ಲೈಬೀರಿಯದಲ್ಲಿ ೨೦೧೪ರ ಆಗಸ್ಟಿನಲ್ಲಿ ಹೆಣಗಳನ್ನು ಸುಡಬೇಕೆಂದು ಆಜ್ಞೆಯಾಯಿತು. ಹೂಳುವ ಜನಕ್ಕೆ ಸುಡುವುದೆಂದರೆ ಎಂಥ ಸಂಕಟವೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಜನ ರೋಗಿಗಳನ್ನು ಬಚ್ಚಿಟ್ಟರು. ಸತ್ತವರನ್ನು ಇರುಳಿನಲ್ಲಿ ಗುಟ್ಟಾಗಿ ಹೂಳಿದರು. ರೋಗವು ಮತ್ತಷ್ಟು ಹಬ್ಬಿತು.

ಮಾನವಶಾಸ್ತ್ರಜ್ಞರನ್ನು ಕರೆಸಿದುದು ಇಂಥ ಸಂದರ್ಭದಲ್ಲಿ. ಗಿನಿಯ ಕಿಸ್ಸಿ ಜನರಲ್ಲಿ ಬಸುರಿಯೊಬ್ಬಳು ಈ ಜ್ವರದಿಂದ ಸತ್ತಳು. ತಾಯಿಯನ್ನೂ ಹೊಟ್ಟೆಯಲ್ಲಿಯ ಶಿಶುವನ್ನೂ ಒಟ್ಟಿಗೆ ಹೂಳಕೂಡದೆಂಬುದು ಅವರ ಕಟ್ಟಳೆ. ದೇಹವನ್ನು ಸೀಳಿದರೆ ಸೀಳಿದವರು ಬದುಕುವುದು ದುರ್ಲಭ. ಜೂಲಿಯೆನ್ ಅನೋಕೊ ಎಂಬ ಮಾನವಶಾಸ್ತ್ರಜ್ಞೆಯು ಊರ ಹಿರಿಯರೊಡನೆ ಕುಳಿತು, ಈ ಕಟ್ಟಳೆ ತಪ್ಪಿದಲ್ಲಿ ನಿಮ್ಮಲ್ಲಿ ಪರಿಹಾರವೇನಾದರೂ ಉಂಟೆ ಎಂದು ಕೇಳಿದಳು. ಉಂಟು, ಅದನ್ನು ಮಾಡಿಸಬಲ್ಲ ಮುದುಕನೊಬ್ಬನಿದ್ದಾನೆ ಎಂದು ತಿಳಿಯಿತು. ಆ ಪ್ರಾಯಶ್ಚಿತ್ತಕರ್ಮದ ಸಾಮಗ್ರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒದಗಿಸಿತು. ಕರ್ಮವು ನಡೆಯಿತು, ಆ ತಾಯಿಯನ್ನು ಯಾರಿಗೂ ಅಪಾಯವಿಲ್ಲದಂತೆ ಮಣ್ಣುಮಾಡಿದರು. ೨೦೧೪ರ ನವೆಂಬರಿನಲ್ಲಿ ಸಂಸ್ಥೆಯು ಹೊಸ ಕ್ರಮವನ್ನು ಹೊರಡಿಸಿತು. ಮೊದಲು ಮನೆಯವರೊಡನೆ ಮಾತನಾಡಬೇಕು, ಅವರವರ ಮತದ ಪ್ರಾರ್ಥನೆಗೆ ಎಡೆಗೊಡಬೇಕು, ಹೊದಿಸುವ ವಸ್ತ್ರವನ್ನು ಅವರಿಂದ ಪಡೆಯಬಹುದು, ಗುಂಡಿಯನ್ನು ಅವರೇ ತೋಡಬಹುದು ಎಂದು ಅದರಲ್ಲಿ ವಿಧಿಸಿದೆ. ಮುಟ್ಟುವುದೊಂದನ್ನುಳಿದು ಮಿಕ್ಕ ಮರ್ಯಾದೆಗಳನ್ನೆಲ್ಲ ಬಂಧುಗಳ ಕೈಗೆ ಹಿಂದಿರುಗಿಸಿದಂತಾಯಿತು.

೨೦೨೧ರ ಬೇಸಗೆಯಲ್ಲಿ ನನ್ನ ಹಿರಿಯ ಮಿತ್ರರೊಬ್ಬರು ಕೋವಿಡಿನಿಂದ ಲಿಂಗೈಕ್ಯರಾದರು. ಅವರನ್ನು ಕುಳ್ಳಿರಿಸಲಿಲ್ಲ; ವಿಭೂತಿಯಿಲ್ಲ, ಪತ್ರೆಯಿಲ್ಲ; ಚೀಲದೊಡನೆಯೇ ಮಲಗಿಸಿ ಮಣ್ಣೆಳೆದರು. ಮಗನು ಇಪ್ಪತ್ತು ಮಾರು ದೂರದಲ್ಲಿ ನಿಂತಿದ್ದನು. ಅಲ್ಲಿದ್ದ ಕೆಲಸದವರ ತಪ್ಪಿಲ್ಲ, ಅವರಿಗೂ ಪ್ರಾಣಭಯ. ಆದರೆ ಚೀಲದ ಮೇಲೆ ಒಂದು ಚಿಟಿಕೆ ಭಸ್ಮವನ್ನು ದೂರದಿಂದ ಚೆಲ್ಲಿಸುವುದರಿಂದ ಯಾವ ರೋಗವೂ ಹರಡುತ್ತಿರಲಿಲ್ಲ. ಪಶ್ಚಿಮ ಆಫ್ರಿಕದವರು ಅಷ್ಟು ಬೆಲೆತೆತ್ತು ಕಲಿತ ಪಾಠವು ಆರೇಳು ವರ್ಷವಾಗಿದ್ದರೂ ಆ ಸ್ಥಳಕ್ಕೆ ಬಂದು ತಲಪಿರಲಿಲ್ಲ. ಓದಿದವನಾದ ನಾನು ಅಲ್ಲಿಯೇ ಇದ್ದು ಬಾಯಿಬಿಡಲಿಲ್ಲವೆಂಬುದನ್ನೂ ಸೇರಿಸಿ ಹೇಳುತ್ತೇನೆ.

ಇನ್ನು ವ್ಯಾಸಂಗದ ಕ್ರಮ. ಹೆಸರುಗಳು ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದಾಗಿವೆ. ಅದನ್ನು ಹೇಳಿ ನಿಮ್ಮ ಹೊತ್ತನ್ನು ಕಳೆಯುವುದಿಲ್ಲ. ವಿದ್ಯಾರ್ಥಿಯು ರೋಗಗಳ ಗಣನೆಯನ್ನು ಕಲಿಯಬೇಕು, ಅದರಲ್ಲಿ ಲೆಕ್ಕ ಬಹಳ. ಒಂದು ಊರಿನಲ್ಲಿ ಬಹುದಿನವಿದ್ದು, ನೋಡಿ, ಕೇಳಿ, ಬರೆಯುವುದನ್ನು ಕಲಿಯಬೇಕು, ಅದರಲ್ಲಿ ತಾಳ್ಮೆ ಬಹಳ. ಹಾರ್ವರ್ಡಿನ ಆರ್ಥರ್ ಕ್ಲೈನ್‌ಮನ್ ಎಂಬ ವೈದ್ಯರು ವೈದ್ಯನು ಕಾಣುವ ರೋಗ ಬೇರೆ, ಬೇನೆಗೊಂಡವನು ಅನುಭವಿಸುವ ಬೇನೆ ಬೇರೆ ಎಂದು ಬಿಡಿಸಿ ತೋರಿಸಿದರು. ನಿನ್ನ ಬೇನೆಗೆ ನೀನು ಏನೆಂದು ಕರೆಯುತ್ತೀಯೆ, ಯಾತರಿಂದ ಬಂದಿತೆಂದು ನಿನ್ನ ಎಣಿಕೆ, ನಿನಗೆ ಅತಿ ಹೆಚ್ಚಿನ ಭಯ ಯಾವುದು ಎಂಬೀ ಬಗೆಯ ಕೆಲವು ಪ್ರಶ್ನೆಗಳನ್ನು ಅವರು ಹಾಕಿಕೊಟ್ಟಿದ್ದಾರೆ. ಈ ಪ್ರಶ್ನೆಗಳನ್ನು ಕೇಳಲು ಐದು ನಿಮಿಷ ಸಾಕು. ಉತ್ತರವನ್ನು ನಗದೆ ಕೇಳಿಸಿಕೊಳ್ಳುವುದಕ್ಕೆ ಎರಡು ವರ್ಷದ ಶಿಕ್ಷಣ ಬೇಕು.

ನಮ್ಮಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಮಾನವಶಾಸ್ತ್ರದ ವಿಭಾಗಗಳುಂಟು. ಜನಾರೋಗ್ಯದ ಉನ್ನತ ಪದವಿಗೆ ದೆಹಲಿ, ತಿರುವನಂತಪುರ, ಮುಂಬಯಿಗಳಿಗೆ ಹೋಗುವವರೂ ಇದ್ದಾರೆ. ಇದನ್ನು ಓದಿದರೆ ಕೆಲಸ ಸಿಕ್ಕುವುದೆ ಎಂದು ತಂದೆತಾಯಿಗಳು ಕೇಳುತ್ತಾರೆ, ಕೇಳತಕ್ಕುದೇ. ವೈದ್ಯನಿಗೆ ದೊರೆಯುವಷ್ಟು ದ್ರವ್ಯವು ಇದರಲ್ಲಿ ದೊರೆಯದು, ಸುಳ್ಳು ಹೇಳಲಾರೆ. ಹಳ್ಳಿಯಿಂದ ಬಂದು ಈ ನಿಲಯದಲ್ಲಿ ಓದುವ ಹುಡುಗಹುಡುಗಿಯರಿಗೆ ಒಂದು ಅನುಕೂಲವಿದೆ: ಪಟ್ಟಣದ ವಿದ್ಯಾರ್ಥಿಯು ವರ್ಷಗಟ್ಟಲೆ ಕಷ್ಟಪಟ್ಟು ತಿಳಿಯಬೇಕಾದ ಮಾತುಕಥೆಯನ್ನು ಅವರು ಮನೆಯಿಂದಲೇ ತಂದಿರುತ್ತಾರೆ. ಅನನುಕೂಲವೂ ಅದೇ. ಕಣ್ಣೆದುರಿನ ಗೂಡಿನಲ್ಲಿಯ ಸೀಸೆಯನ್ನು ಅವರು ಕೇಳುವುದಿಲ್ಲ, ನಾನು ಕೇಳಲಿಲ್ಲ.

ಆದುದರಿಂದ ಶ್ರೀಗಳವರಲ್ಲಿಯೂ ಮಹೋತ್ಸವ ಸಮಿತಿಯವರಲ್ಲಿಯೂ ನನ್ನದೊಂದು ವಿಜ್ಞಾಪನೆ. ಮಠದಿಂದ ಕೊಡುವ ವಿದ್ಯಾರ್ಥಿವೇತನಗಳಲ್ಲಿ ವರ್ಷಕ್ಕೆ ಎರಡನ್ನು ಈ ವ್ಯಾಸಂಗಕ್ಕೆಂದು ಮೀಸಲಿಡಬೇಕು. ಎರಡರಲ್ಲಿ ಒಂದಾದರೂ ಹೆಣ್ಣುಮಗಳಿಗೆ ಸಲ್ಲಬೇಕು. ಪದವಿ ಪಡೆದವರು ಒಂದು ವರ್ಷ ನಮ್ಮ ಜಿಲ್ಲೆಯ ಯಾವುದಾದರೂ ಹಳ್ಳಿಯಲ್ಲಿದ್ದು, ಅಲ್ಲಿಯವರು ಬೇನೆ ಬಂದಾಗ ಎಲ್ಲೆಲ್ಲಿಗೆ ಹೋದರು, ಹೋದಲ್ಲಿ ಏನು ಸಿಕ್ಕಿತು ಎಂಬುದನ್ನು ಬರೆದು ಮಠದ ಪುಸ್ತಕಭಂಡಾರಕ್ಕೆ ಒಪ್ಪಿಸಬೇಕು. ಮೊದಲನೆಯ ವರ್ಷದ ವೆಚ್ಚಕ್ಕೆ ನನ್ನ ನಿವೃತ್ತಿವೇತನದಿಂದ ಉಳಿಸಿದ ಅಲ್ಪ ಮೊಬಲಗೊಂದನ್ನು ನಮ್ಮತ್ತೆಯ ಹೆಸರಿನಲ್ಲಿ ಕಾರ್ಯದರ್ಶಿಗಳಿಗೆ ಈ ಬೆಳಿಗ್ಗೆ ತಲಪಿಸಿದ್ದೇನೆ.